ಮೂರು ಸಲ ಕೇಳಬೇಕು

ನಾನು ಒಂದಕ್ಷರ ಸುಳ್ಳು ಹೇಳಲಿಲ್ಲ. ಆದರೂ ಐದು ಜನರ ದಾರಿ ಮುಚ್ಚಿದವಳು ನಾನೇ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಆಡಿಲ್ಲ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಅದು ಹೊಟ್ಟೆ ತುಂಬಿದವರ ಮಾತು. ನನಗೆ ಹಗುರಾಗುವುದು ಬೇಕಾಗಿಲ್ಲ.

ನನ್ನ ಹೆಸರು ಜವರಿ. ನಮ್ಮದು ಅರಕಲಗೂಡು ಕಡೆಯ ಹೊಲಗೇರಿ. ಕೂಲಿ ಹುಡುಕಿಕೊಂಡು ಕುಶಾಲನಗರಕ್ಕೆ ಬಂದವರು. ಹೊಳೆಯಾಚೆ ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ಸರ್ಕಾರ ಕಾಡು ಕೊಟ್ಟಿತು. ಆ ಕಾಡು ಕಡಿಯಲು ನಾನೂ ನನ್ನ ಗಂಡನೂ ಹೋದೆವು. ನಾಲ್ಕು ವರ್ಷ ಬಿದಿರ ಮೆಳೆ ಕಡಿದೆವು. ಬೇರು ಕಿತ್ತೆವು. ಅವರೂ ನಮ್ಮ ಜೊತೆಗೇ ಕಡಿದರು. ನಮ್ಮ ಬಿಸಿಲು ಅವರಿಗೆ ಹೊಸದು. ಮೈಯೆಲ್ಲ ಬೊಕ್ಕೆ ಎದ್ದು, ಬೊಕ್ಕೆ ಒಡೆದು ರಸಿಗೆ ಸುರಿಯುತ್ತಿತ್ತು. ಹಾಗೇ ಕಡಿಯುತ್ತಿದ್ದರು. ನಾವು ಅವರ ಮಾತು ಕಲಿತದ್ದು ಕೊಡಲಿ ಹಿಡಿದುಕೊಂಡೇ. ನೀರು, ಬೆಂಕಿ, ಹಾವು, ಜೋಪಾನ, ಇಷ್ಟರಿಂದ ಶುರುವಾಯಿತು. ನಾಲ್ಕು ವರ್ಷದಲ್ಲಿ ನಾನು ಅವರ ಹೆಂಗಸರ ಜೊತೆ ಜಗಳ ಆಡುವಷ್ಟು ಕಲಿತೆ.

ಅಲ್ಲಿ ಒಬ್ಬ ಮುದುಕರಿದ್ದರು. ಹೆಸರು ವಾಂಗ್ದು. ಎಲ್ಲರೂ ಪಾಲಾ ಅನ್ನುತ್ತಿದ್ದರು, ಅಪ್ಪ ಅಂತ ಅರ್ಥ. ಆರು ತಂತಿಯ, ಉದ್ದ ಕತ್ತಿನ ಒಂದು ವಾದ್ಯವನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದ ಗುಡ್ಡ ದಾಟಿ ಬಂದವರು. ಹಸಿವಿಗೆ ಚರ್ಮದ ಬೂಟು ಬೇಯಿಸಿ ತಿಂದರಂತೆ, ವಾದ್ಯ ಮಾರಲಿಲ್ಲವಂತೆ. ಅವರ ಮಗಳು ಯೂಡೊನ್. ಅವಳು ನನ್ನನ್ನು ಆಚಾ ಅನ್ನುತ್ತಿದ್ದಳು, ಅಕ್ಕ ಅಂತ. ಹುಟ್ಟಿದ ಊರಲ್ಲಿ ನನ್ನನ್ನು ನಮ್ಮ ಕೇರಿಯವರು ಬಿಟ್ಟು ಬೇರೆ ಯಾರೂ ಅಕ್ಕ ಅಂದದ್ದಿಲ್ಲ.

ಎರಡನೇ ವರ್ಷ ಒಂದು ದಿನ ಊಟದ ಹೊತ್ತಿನಲ್ಲಿ ನಾನು ಪಾಲಾಗೆ ಒಂದು ಹಾಡು ಹೇಳಿ ಅಂದೆ. ಅವರು ಕೈ ಆಡಿಸಿದರು. "ನನಗೆ ಏನು ಬರುತ್ತದೆ? ನನ್ನದು ಕತ್ತೆಯ ಗಂಟಲು" ಅಂದರು. ಪಾಪ, ಗಂಟಲು ಕೆಟ್ಟಿದೆ ಅಂದುಕೊಂಡು ನಾನು ಬಿದಿರು ಹೊರಲು ಎದ್ದೆ. ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಯೂಡೊನ್ ನನ್ನ ಸೆರಗು ಹಿಡಿದು ಕೂರಿಸಿದಳು.

"ಆಚಾ, ಮೊದಲ ಸಲಕ್ಕೇ ಹಾಡುವವರನ್ನು ನಮ್ಮಲ್ಲಿ ನಾಚಿಕೆಗೆಟ್ಟವರು ಅನ್ನುತ್ತಾರೆ. ದೊಡ್ಡ ಹಾಡುಗಾರ ಆದಷ್ಟೂ ತನಗೆ ಬರುವುದಿಲ್ಲ ಅನ್ನಬೇಕು. ಕೇಳುವವರು ಮೂರು ಸಲ ಕೇಳಬೇಕು. ಆಗ ಹಾಡಬೇಕು."

ನಾನು ಮೂರು ಸಲ ಕೇಳಿದೆ. ಅವರು ಹಾಡಿದರು. ಅವತ್ತು ಮಧ್ಯಾಹ್ನ ಯಾರೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಏಳಲಿಲ್ಲ. ಮೇಸ್ತ್ರಿ ಬಂದು ಬೈದ. ಬೈದವನೂ ಕೂತ.

ನಾಲ್ಕನೇ ವರ್ಷ ಮರ ಬಿದ್ದು ನನ್ನ ಗಂಡ ಸತ್ತ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಪಾಲಾ ಒಬ್ಬರು. ಆಮೇಲೆ ನಾನು ಸೊಂಟ ಬಿದ್ದ ನನ್ನ ಅವ್ವ ನಿಂಗಮ್ಮನನ್ನು ಕಟ್ಟಿಕೊಂಡು ಮಾದಾಪುರದ ಹತ್ತಿರ ಬೋಜಪ್ಪನವರ ಎಸ್ಟೇಟಿಗೆ ಬಂದೆ. ಕೂಲಿಯವರ ಲೈನಿನಲ್ಲಿ ಒಂದು ಕೋಣೆ ಕೊಟ್ಟರು. ಬೆಳಗಿಂದ ಸಂಜೆವರೆಗೆ ಕಾಫಿ ಕೊಯ್ಯುವುದು, ಮೂಟೆ ಹೊರುವುದು, ಕಣದಲ್ಲಿ ಹಣ್ಣು ಹರಡುವುದು. ಕೋಣೆ ಹೋದರೆ ಅವ್ವ ಬೀದಿಯಲ್ಲಿ. ಇದು ನನಗೂ ಗೊತ್ತಿತ್ತು, ಬೋಜಪ್ಪನವರಿಗೂ ಗೊತ್ತಿತ್ತು.

ಎರಡು ವರ್ಷ ಆದ ಮೇಲೆ, ಒಂದು ಶನಿವಾರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸೋಮಯ್ಯ ಲೈನಿನ ಮುಂದೆ ಬಂದು ನಿಂತ.

"ಜವರಿ, ನಿಂಗೆ ಆ ಟಿಬೇಟಿಯವರ ಭಾಷೆ ಬತ್ತದಂತೆ ಹೌದಾ?"

"ಅಲ್ಪಸ್ವಲ್ಪ ಬತ್ತದೆ."

"ನಾಳೆ ಧಣಿಗಳ ಬಂಗಲೆ ಹತ್ರ ಬಾ. ಮಿಂದು ಬಾ."

ವಿಷಯ ಇಷ್ಟು. ಪಾಲಾ ಮತ್ತು ಯೂಡೊನ್ ಸೇರಿ ಅವರ ಮೇಳದ ನಾಲ್ವರಿಗೆ ಪರದೇಶದ ಯಾವುದೋ ಸಂಗೀತದ ಸಭೆಯವರು ಕರೆ ಕಳಿಸಿದ್ದರು. ಬನ್ನಿ, ಹಾಡಿ, ಹೋಗಿಬರುವ ಖರ್ಚು ನಮ್ಮದು ಅಂದಿದ್ದರು. ಆದರೆ ಬೆಂಗಳೂರಿನ ಕಚೇರಿಯಲ್ಲಿ ಕೇಳಿದ್ದೇ ಬೇರೆ. ಇವರು ನಿಜವಾಗಿ ಕಲಾವಿದರು ಅಂತ ಇಲ್ಲಿನ ದೊಡ್ಡ ಮನುಷ್ಯರು ಯಾರಾದರೂ ಬರೆದುಕೊಡಬೇಕು. ಬೋಜಪ್ಪನವರು ಬೆಳೆಗಾರರ ಸಂಘದ ಅಧ್ಯಕ್ಷರು. ಅವರ ಕಾಗದಕ್ಕೆ ಬೆಂಗಳೂರಿನಲ್ಲಿ ಬೆಲೆ. ಅವರು ನೇರವಾಗಿ ಇಲ್ಲ ಅನ್ನಲಿಲ್ಲ. ಭಾನುವಾರ ಬನ್ನಿ, ನಾಲ್ಕು ಜನ ಬೆಳೆಗಾರರು ಊಟಕ್ಕೆ ಬರುತ್ತಾರೆ, ಹಾಡಿ ತೋರಿಸಿ, ಆಮೇಲೆ ನೋಡೋಣ ಅಂದರು. ಅವರ ಪರವಾಗಿ ಮಾತಾಡಲು ಬೈಲುಕುಪ್ಪೆಯ ಕ್ಯಾಂಪಿನಲ್ಲಿ ಹಿಂದಿ ಬಲ್ಲವನು ಒಬ್ಬನಿದ್ದ. ಅವನು ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದ. ಪಾಲಾ ಗಾಬರಿಯಾಗಲಿಲ್ಲವಂತೆ. ಆ ತೋಟದಲ್ಲಿ ಆಚಾ ಜವರಿ ಇದ್ದಾಳೆ, ಇನ್ನೇನು ಭಯ ಅಂದರಂತೆ.

ಭಾನುವಾರ ಬೆಳಿಗ್ಗೆ ಸೋಮಯ್ಯ ನನ್ನನ್ನು ಕಣದ ಮೂಲೆಗೆ ಕರೆದ.

"ನೋಡು, ಧಣಿಗಳಿಗೆ ಇದು ಮನಸ್ಸಿಲ್ಲ. ರೊಬಸ್ಟಾ ಕೊಯ್ಲು ಇನ್ನೂ ಅರ್ಧ ಉಳಿದದೆ. ಈ ಐದು ಜನ ಹಾರಿದ್ರೆ ಕ್ಯಾಂಪಿಂದ ಪಿಕಿಂಗಿಗೆ ಬರೋರೆಲ್ಲ ಹಾರೋ ಕನಸು ಕಾಣ್ತಾರೆ. ನೀನು ಕೇಳಿದ್ದಕ್ಕೆ ಅಷ್ಟೇ ಹೇಳು. ಸೇರಿಸಿ ಹೇಳ್ಬೇಡ. ನಿನ್ನ ಅವ್ವ ಹೆಂಗದಾಳೆ?"

ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ. ಬಾಲ ನಾನು. ಅವ್ವನ ವಿಚಾರ ಯಾಕೆ ಬಂತು ಅಂತ ಕೇಳುವ ಅಗತ್ಯ ಇರಲಿಲ್ಲ.

ಅವರು ಮಾದಾಪುರದಲ್ಲಿ ಬಸ್ಸಿಳಿದು ನಡೆದುಕೊಂಡು ಬಂದರು. ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದ ರೇಷ್ಮೆಯ ಅಂಗಿ, ಉಣ್ಣೆಯ ಬೂಟು ಹಾಕಿದ್ದರು. ಬಿಸಿಲಿಗೆ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಯೂಡೊನ್ ನನ್ನನ್ನು ಕಂಡವಳೇ ಓಡಿಬಂದು ನನ್ನ ಎರಡೂ ಕೈ ಹಿಡಿದಳು. ಜಗುಲಿಯ ಮೇಲೆ ಕೂತವರು ನೋಡುತ್ತಿದ್ದರು. ನಾನು ಕೈ ಬಿಡಿಸಿಕೊಂಡೆ.

ಬೋಜಪ್ಪನವರ ಹೆಂಡತಿ ದಮಯಂತಿ ಅಮ್ಮ ಬಾಗಿಲಿಗೆ ಬಂದು ಕೇಳಿದರು. "ಜವರಿ, ಇವರಿಗೆ ಊಟ ಎಲ್ಲಿ ಹಾಕ್ಸದು? ಎಂತ ಜನ ಇವರು? ದನ ತಿಂತಾರಾ?"

ತಿನ್ನುತ್ತಾರೆ. ನಾವೂ ತಿನ್ನುತ್ತೇವೆ. ಕ್ಯಾಂಪಿನಲ್ಲಿ ಒಂದೇ ಮಡಕೆಯಿಂದ ತಿಂದಿದ್ದೇವೆ.

"ತಿಂತಾರೆ ಅಮ್ಮ" ಅಂದೆ.

ಅಮ್ಮ ಒಳಗೆ ಹೋದರು. ಜಗುಲಿಗೆ ಹಾಕುತ್ತಿದ್ದ ಚಾಪೆ ಸುರುಳಿಯಾಗಿ ವಾಪಸು ಹೋಯಿತು. ಅವರಿಗೆ ಕಣದ ಅಂಚಿನಲ್ಲಿ, ನಾವು ಉಣ್ಣುವ ಜಾಗದಲ್ಲಿ ಬಾಳೆಲೆ ಬಿತ್ತು. ನೀರನ್ನು ಮೇಲಿನಿಂದ ಕೈಗೆ ಹೊಯ್ದರು. ಪಾಲಾ ಬೊಗಸೆ ಒಡ್ಡಿ ಕುಡಿದು, ಹೊಯ್ದವಳಿಗೆ ತಲೆ ಬಾಗಿಸಿ ನಮಸ್ಕಾರ ಮಾಡಿದರು. ಅದು ಮರ್ಯಾದೆ ಅಂದುಕೊಂಡರು ಅವರು. ನೀರು ಹೀಗೆ ಯಾಕೆ ಹೊಯ್ಯುತ್ತಾರೆ ಅಂತ ಯೂಡೊನ್ ಕೇಳಿದಳು. ಇಲ್ಲಿಯ ಪದ್ಧತಿ ಅಂದೆ.

ಒಂದು ಮಾತು ಹೇಳಬೇಕು. ಹೇಳಲು ನಾಲಿಗೆ ಬರುವುದಿಲ್ಲ, ಆದರೂ ಹೇಳುತ್ತೇನೆ. ಆ ಎಲೆಗಳು ಅಲ್ಲಿ ಬಿದ್ದಾಗ ನನಗೆ ಒಂದು ಗಳಿಗೆ ಹಿತವಾಯಿತು. ರೇಷ್ಮೆ ಉಟ್ಟವರೂ ನನ್ನ ಸಾಲಿಗೇ ಬಂದರು ಅನಿಸಿತು. ಬೋಜಪ್ಪನವರು ಮಾತಾಡಿಸಲು ನನ್ನನ್ನು ಕರೆದರು, ಅವರನ್ನಲ್ಲ. ನಾನು ಮೆಟ್ಟಿಲ ಹತ್ತಿರ, ಅವರು ಕಣದ ಅಂಚಿನಲ್ಲಿ. ಮೂರು ಮಾರು ದೂರ. ಆ ಮೂರು ಮಾರಿಗೆ ನಾನು ಉಬ್ಬಿದೆ. ಥೂ.

ಊಟ ಮುಗಿದ ಮೇಲೆ ಬೆಳೆಗಾರರು ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತರು. ಮೇಳದವರು ಕೆಳಗೆ ಅಂಗಳದಲ್ಲಿ ಸಾಲಾಗಿ ನಿಂತರು. ಪಾಲಾ ವಾದ್ಯವನ್ನು ಎದೆಗೆ ಅಪ್ಪಿಕೊಂಡಿದ್ದರು. ಬೋಜಪ್ಪನವರು ನನ್ನ ಕಡೆ ತಿರುಗಿದರು.

"ಏನ್ ಬತ್ತದೆ ಇವರಿಗೆ? ಕೇಳು."

ನಾನು ಕೇಳಿದೆ. ಪಾಲಾ ಒಂದು ಹೆಜ್ಜೆ ಮುಂದೆ ಬಂದರು. ಸೊಂಟ ಬಾಗಿಸಿ, ಅಂಗೈ ಮೇಲೆ ಮಾಡಿ ಹೇಳಿದರು. "ನಮಗೆ ಏನೂ ಬರುವುದಿಲ್ಲ. ನನ್ನದು ಕತ್ತೆಯ ಗಂಟಲು. ಇವರೆಲ್ಲ ಏನೂ ಅರಿಯದವರು. ಇಂಥ ದೊಡ್ಡವರ ಮುಂದೆ ಹಾಡುವ ಯೋಗ್ಯತೆ ನಮಗಿಲ್ಲ."

ಎಷ್ಟು ಚೆನ್ನಾಗಿ ಹೇಳಿದರು ಅಂದರೆ, ಅವರ ಹಿಂದೆ ನಿಂತವರ ಮುಖ ಅರಳಿತು. ಇಷ್ಟು ತಗ್ಗಿ ಮಾತಾಡಿದರೆ ಇಷ್ಟೇ ಎತ್ತರದ ಹಾಡು ಬರುತ್ತದೆ ಅಂತ ಅವರಿಗೆ ಗೊತ್ತು. ನನಗೂ ಗೊತ್ತು.

ನಾನು ಜಗುಲಿಯ ಕಡೆ ತಿರುಗಿ ಹೇಳಿದೆ. "ಏನೂ ಬರಾಕಿಲ್ವಂತೆ ಬುದ್ಧಿ. ಕತ್ತೆ ಗಂಟ್ಲಂತೆ. ನಿಮ್ ಮುಂದೆ ಹಾಡೋ ಯೋಗ್ಯತೆ ಇಲ್ವಂತೆ."

ಜಗುಲಿ ಇಡೀ ನಕ್ಕಿತು. ಒಬ್ಬರ ಬಾಯಿಂದ ಎಲೆಯಡಿಕೆ ಸಿಡಿಯಿತು. ತಮ್ಮವರ ಮನೆಮಾತಾದ ಅರೆಭಾಷೆಯಲ್ಲಿ ಬೋಜಪ್ಪನವರು ಸೋಮಯ್ಯನಿಗೆ ಹೇಳಿದರು. "ಅವೇ ಹೇಳಿಯಾತಲ್ಲ. ಇನ್ನ್ ಎಂತ ಉಟ್ಟು ಕೇಳಿಕೆ? ಬರಿ." ಅವರೇ ಹೇಳಿಯಾಯಿತು, ಇನ್ನು ಕೇಳುವುದೇನಿದೆ, ಬರಿ ಅಂತ.

ನಕ್ಕದ್ದನ್ನು ನೋಡಿ ಪಾಲಾ ತಾವೂ ನಕ್ಕರು. ಎರಡನೇ ಸಲ ಕೇಳುತ್ತಾರೆ ಅಂತ ಕಾದರು. ಬೆರಳು ತಂತಿಯ ಮೇಲಿತ್ತು. ಯೂಡೊನ್ ನನ್ನ ಮುಖ ನೋಡಿದಳು. ಅವಳ ಕಣ್ಣು ಹೇಳು ಹೇಳು ಅನ್ನುತ್ತಿತ್ತು. ಇವರ ಕಡೆ ಹೀಗೇ ಹೇಳುವುದು ಬುದ್ಧಿ, ಇನ್ನೆರಡು ಸಲ ಕೇಳಿ ಅಂತ ಒಂದು ಮಾತು. ಬಿದಿರ ಮೆಳೆಯಲ್ಲಿ ಹಾವು ಕಂಡರೆ ಕೂಗುವಷ್ಟು ಹೊತ್ತು ಸಾಕಿತ್ತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆ ಇದ್ದರೂ ಹೋಗುತ್ತದೆ. ನಾನು ನೆಲ ನೋಡಿದೆ.

ಸೋಮಯ್ಯ ಬರೆದು ಓದಿದ. ತಮಗೆ ಸಂಗೀತ ತಿಳಿಯದೆಂದೂ, ಹಾಡುವ ಯೋಗ್ಯತೆ ಇಲ್ಲವೆಂದೂ ಸದರಿಯವರು ಎಲ್ಲರ ಸಮಕ್ಷಮ ತಾವೇ ಒಪ್ಪಿಕೊಂಡಿರುತ್ತಾರೆ. ಅದನ್ನು ಭಾಷೆ ಬಲ್ಲ ಜವರಿ ಎಂಬವಳು ಇದ್ದದ್ದಿದ್ದಂತೆ ತಿಳಿಸಿರುತ್ತಾಳೆ. ಆಮೇಲೆ ಶಾಯಿಯ ಡಬ್ಬಿಯನ್ನೂ ಕಾಗದವನ್ನೂ ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿದ.

"ಒತ್ತು."

ನನ್ನ ಕೈ ಹಿಡಿದು ಯಾರೂ ಒತ್ತಿಸಲಿಲ್ಲ. ನನ್ನನ್ನು ಮುಟ್ಟುವವರು ಅಲ್ಲಿ ಯಾರೂ ಇರಲಿಲ್ಲ. ನಾನೇ ಒತ್ತಿದೆ. ಪಾಲಾ ಅದನ್ನು ನೋಡಿ ಯೂಡೊನ್ ಕಡೆ ಬಾಗಿ ಹೇಳಿದ್ದು ನನಗೆ ಕೇಳಿಸಿತು. "ನೋಡು, ನಮ್ಮ ಪರವಾಗಿ ಆಚಾ ಹೆಬ್ಬೆಟ್ಟು ಹಾಕುತ್ತಿದ್ದಾಳೆ."

ಅಷ್ಟು ಹೊತ್ತಿಗೆ ಮೋಡ ಕವಿಯಿತು. ಆ ತಿಂಗಳಲ್ಲಿ ಬರಬಾರದ ಮಳೆ. ಕಣದ ತುಂಬ ಒಣಗಿದ ಕಾಫಿ. ಬೋಜಪ್ಪನವರು ಎದ್ದು ಕೂಗಿದರು. "ಗೋರ್ರಿ! ಎಲ್ರೂ ಬನ್ನಿ! ಅವರಿಗೂ ಹೇಳು, ಹಲಗೆ ಹಿಡೀಲಿ!"

ಇದನ್ನು ಹೇಳಬೇಕಾಗಲಿಲ್ಲ. ನಾವು ಓಡಿದ್ದನ್ನು ನೋಡಿ ಅವರೇ ಓಡಿಬಂದರು. ಪಾಲಾ ವಾದ್ಯವನ್ನು ಗೋಡೆಗೆ ಒರಗಿಸಿ, ರೇಷ್ಮೆಯ ತೋಳನ್ನು ಸೊಂಟಕ್ಕೆ ಕಟ್ಟಿ ಕಾಫಿ ಗೋರುವ ಹಲಗೆ ಹಿಡಿದರು. ಯೂಡೊನ್ ಮಂಕರಿ ಹೊತ್ತಳು. ಲೈನಿನಿಂದ ಬೆಳ್ಳಮ್ಮ, ದೊಡ್ಡಿ, ಉಳಿದ ಹೆಂಗಸರೆಲ್ಲ ಬಂದರು. ಗೋರುವುದು, ತುಂಬುವುದು, ಹೊರುವುದು. ಸಿಪ್ಪೆಯ ಧೂಳು ಬೆವರಿಗೆ ಅಂಟಿ ಕಣ್ಣು ಉರಿಯಿತು. ಜಗುಲಿಯಿಂದ ಬೋಜಪ್ಪನವರ ಮಾತು ಕೇಳಿಸಿತು. "ನೋಡಿ, ಇದು ಬತ್ತದೆ ಇವರಿಗೆ."

ಆಗ ಪಾಲಾ ಹಾಡಿದರು.

ಕೆಲಸದ ಹಾಡಿಗೆ ಅವರಲ್ಲಿ ಯಾರೂ ಕೇಳಬೇಕಿಲ್ಲ. ಮೈ ಬಗ್ಗಿದರೆ ಬಾಯಿ ತಾನಾಗಿ ತೆರೆಯುತ್ತದೆ. ಕಾಡು ಕಡಿಯುವಾಗ ನಾನು ದಿನವೂ ಕೇಳಿದ್ದೆ. ಪಾಲಾ ಒಂದು ಸಾಲು ಎತ್ತಿದರು, ಉಳಿದವರು ಹಲಗೆಯ ಎಳೆತಕ್ಕೆ ಸರಿಯಾಗಿ ಹಿಡಿದರು. ಯೂಡೊನ್ ದನಿ ಎಲ್ಲರ ಮೇಲೆ ಏರಿತು. ನಮ್ಮ ಹಲಗೆಗಳೂ ಆ ಲಯಕ್ಕೆ ಬಿದ್ದವು. ಸೊಂಟದ ನೋವು ಮರೆತುಹೋಯಿತು. ಬೆಳ್ಳಮ್ಮನ ಕಣ್ಣಲ್ಲಿ ನೀರು ಬಂತು, ಯಾಕೆ ಅಂತ ಅವಳಿಗೇ ಗೊತ್ತಿಲ್ಲ. ಕಾಫಿಯೆಲ್ಲ ಗೋದಾಮು ಸೇರಿದ ಮೇಲೆಯೇ ಮಳೆ ಹನಿ ಬಿತ್ತು.

ಹಾಡು ನಿಂತಾಗ ಒಳಗಿದ್ದ ಹೆಂಗಸರೆಲ್ಲ ಜಗುಲಿಗೆ ಬಂದು ಕಂಬ ಹಿಡಿದು ನಿಂತಿದ್ದರು. ಬೋಜಪ್ಪನವರು ನಮ್ಮ ಯಾರ ಕಣ್ಣನ್ನೂ ನೋಡದೆ ಚೀಟಿಯಂತೆ ಮಡಚಿದ ಆ ಕಾಗದವನ್ನು ಜೇಬಿಗೆ ಹಾಕಿಕೊಂಡರು. ಅವರಿಗೆ ತಿಳಿಯಿತು. ನನಗೆ ಅದು ಕಾಣಿಸಿತು. ಮೊದಲು ತಿಳಿಯದೆ ಮಾಡಿದ್ದು, ಈಗ ತಿಳಿದೇ ಮಾಡಿದ್ದು.

ದಮಯಂತಿ ಅಮ್ಮ ಮೆಟ್ಟಿಲ ತನಕ ಬಂದರು. "ಎಷ್ಟ್ ಚಂದ ಹಾಡ್ತಾರೆ! ಜವರಿ, ಇನ್ನೊಂದ್ಸಲ ಹಾಡೋಕೆ ಹೇಳು. ನಮ್ಮವರೆಲ್ಲ ಕೇಳ್ಬೇಕಂತೆ. ಇಲ್ಲೇ ಸೂರಿನ ಕೆಳಗೆ ಬಂದು ನಿಲ್ಲಲಿ."

ನಾನು ಕೈಯಲ್ಲಿದ್ದ ಹಲಗೆ ಕೆಳಗಿಟ್ಟೆ.

"ಹೇಳೇ."

"ಹೇಳಾಕಿಲ್ಲ ಅಮ್ಮ."

ನನ್ನ ದನಿ ನನಗೇ ಹೊಸದಾಗಿತ್ತು. ಬೋಜಪ್ಪನವರು ಕುರ್ಚಿಯಿಂದ ಎದ್ದರು. "ಏನಂದೆ?"

"ಆ ಕಾಗ್ದ ಹರೀರಿ ಬುದ್ಧಿ. ಆಮೇಕೆ ಹೇಳ್ತೀನಿ. ಅವರ ಕಡೆ ದೊಡ್ಡ ಹಾಡುಗಾರ್ರು ನಂಗೇನೂ ಬರಾಕಿಲ್ಲ ಅಂತ್ಲೇ ಅನ್ನೋದು. ಮೂರು ಸಲ ಕೇಳ್ಬೇಕು. ನಂಗೆ ಗೊತ್ತಿತ್ತು. ನಾನು ಹೇಳ್ನಿಲ್ಲ."

"ಅವನು ಬರಾಕಿಲ್ಲ ಅಂದನೋ ಇಲ್ವೋ?"

"ಅಂದ್ರು."

"ನೀನು ಅದನ್ನೇ ಹೇಳಿದ್ಯೋ ಇಲ್ವೋ?"

"ಹೇಳ್ದೆ."

"ಮತ್ತೆ ಹರಿಯೋದು ಯಾಕೆ? ಬರೆದದ್ದರಲ್ಲಿ ಸುಳ್ಳೇನಿದೆ?"

ಸುಳ್ಳೇನೂ ಇರಲಿಲ್ಲ. ಇವತ್ತಿಗೂ ಇಲ್ಲ. ಬಡವನ ಕೋಪ ದವಡೆಗೆ ಮೂಲ. ಆದರೆ ಅದು ಕೋಪವೂ ಅಲ್ಲ. ನಾಚಿಕೆ ಕೊಳೆತು ನಾರುತ್ತಿತ್ತು, ಅಷ್ಟೇ.

ಅಮ್ಮ ಕೈಸನ್ನೆ ಮಾಡಿದ್ದನ್ನು ಪಾಲಾ ನೋಡಿದ್ದರು. ಈಗ ಕೇಳುತ್ತಿದ್ದಾರೆ ಅಂತ ಅವರಿಗೆ ಅರ್ಥವಾಯಿತು. ಮುಖ ತೊಳೆದ ಹಾಗೆ ಆಯಿತು. ಬೇಗ ಬೇಗ ಕೈ ಒರೆಸಿಕೊಂಡು ವಾದ್ಯ ಎತ್ತಿಕೊಂಡರು. ತಂತಿ ಬಿಗಿ ಮಾಡಿದರು. ಕಾಗದ ಸಿಕ್ಕಿತು ಅನ್ನುವ ನಂಬಿಕೆ ಆ ಬೆರಳುಗಳಲ್ಲಿ ಕಾಣುತ್ತಿತ್ತು. ಇನ್ನು ತಡೆಯಲಾಗಲಿಲ್ಲ. ಅವರ ಮಾತಿನಲ್ಲೇ ಕೂಗಿದೆ.

"ಹಾಡಬೇಡಿ ಪಾಲಾ. ಕಾಗದ ಇಲ್ಲ. ನಿಮಗೆ ಏನೂ ಬರುವುದಿಲ್ಲ ಅಂತ ಬರೆದಿದ್ದಾರೆ. ನೀವು ಹೇಳಿದ್ದನ್ನೇ ಬರೆದಿದ್ದಾರೆ. ಹೆಬ್ಬೆಟ್ಟು ಒತ್ತಿದವಳು ನಾನು."

ಪಾಲಾ ತಂತಿಯ ಮೇಲೆ ಅಂಗೈ ಇಟ್ಟರು. ಸದ್ದು ಸತ್ತಿತು.

ಬೋಜಪ್ಪನವರು ಹಿಂದಿಯಲ್ಲಿ ಕೂಗಿದರು. "ಗಾವೋ!" ಆ ಒಂದು ಮಾತು ಪಾಲಾಗೆ ತಿಳಿಯುತ್ತಿತ್ತು. ಅಂಗೈ ಸರಿಯಲಿಲ್ಲ. ದಮಯಂತಿ ಅಮ್ಮ ಮೆತ್ತಗೆ, ಕೈ ಮುಗಿಯುವ ಹಾಗೆ ಕೇಳಿದರು. ಅಂಗೈ ಸರಿಯಲಿಲ್ಲ. ಬೋಜಪ್ಪನವರು ಇನ್ನೊಮ್ಮೆ, ಮೆಟ್ಟಿಲಿಳಿದು ಬಂದು, ಮುಖದ ಹತ್ತಿರ ಕೂಗಿದರು. ಪಾಲಾ ಅವರನ್ನು ನೆಟ್ಟಗೆ ನೋಡಿದರು. ಅಲ್ಲಿಯವರೆಗೆ ನಾನು ಆ ಮುದುಕರು ಯಾರ ಮುಂದೆಯೂ ಬಾಗದೆ ನಿಂತದ್ದನ್ನು ನೋಡಿರಲಿಲ್ಲ. ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡರು. ಐವರೂ ಮಳೆಯಲ್ಲೇ ನಡೆದರು. ಯೂಡೊನ್ ನನ್ನ ಪಕ್ಕದಲ್ಲೇ ಹಾದುಹೋದಳು. ಕಲ್ಲುಕಂಬದ ಪಕ್ಕ ಹೋದ ಹಾಗೆ ಹೋದಳು.

ಬುಧವಾರ ನನ್ನ ಕೋಣೆಯ ಪಾತ್ರೆಗಳು ಹೊರಗೆ ಬಿದ್ದವು. ಅವ್ವನನ್ನು ಬೆನ್ನ ಮೇಲೆ ಹೊತ್ತುಕೊಂಡು ಸೋಮವಾರಪೇಟೆಗೆ ನಡೆದೆ. ಅಲ್ಲಿ ಒಂದು ಹಿತ್ತಲ ಸೂರಿನ ಕೆಳಗೆ ಆ ಮಳೆಗಾಲದಲ್ಲೇ ಅವ್ವ ಸತ್ತಳು. ಯಾರಿಗಾಗಿ ಬಾಯಿ ಮುಚ್ಚಿದೆನೋ ಅವಳೂ ಉಳಿಯಲಿಲ್ಲ. ದೊಡ್ಡಿ ಸಿಕ್ಕಾಗಲೆಲ್ಲ ಅನ್ನುತ್ತಿದ್ದಳು, ಧಣಿ ಮುಂದೆ ಹಂಗೆ ನಿಂತ್ಕಂಡೆಯಲ್ಲ, ಗಟ್ಟಿಗಿತ್ತಿ ಕಣೇ ನೀನು ಅಂತ. ಆ ಮಾತು ಕೇಳಿದರೆ ನನಗೆ ಅವಳ ಬಾಯಿ ಮುಚ್ಚಬೇಕು ಅನಿಸುತ್ತಿತ್ತು. ಶಾಯಿ ಒಣಗಿದ ಮೇಲೆ ಎಂಥ ಗಟ್ಟಿತನ? ಕಾಗದ ಬೆಂಗಳೂರಿಗೆ ಹೋಯಿತು. ಅವರು ಪರದೇಶಕ್ಕೆ ಹೋಗಲಿಲ್ಲ. ಬೈಲುಕುಪ್ಪೆಗೆ ಹೋಗಿ ಕಾಲು ಹಿಡಿಯಬೇಕು ಅಂತ ಎರಡು ಸಲ ಹೊರಟೆ. ಎರಡು ಸಲವೂ ಕುಶಾಲನಗರದ ಸೇತುವೆಯಿಂದ ವಾಪಸು ಬಂದೆ.

ಮೂರು ವರ್ಷದ ಮೇಲೆ ಸೋಮವಾರಪೇಟೆ ಸಂತೆಯಲ್ಲಿ ಟಿಬೆಟಿನವರು ಸ್ವೆಟರ್ ಹರಡಿಕೊಂಡು ಕೂತಿದ್ದರು. ಜನ ಮುತ್ತಿದ್ದರು. ಒಬ್ಬ ಹೆಂಗಸು ಗಿರಾಕಿಗಳ ಜೊತೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದಳು. ನಮ್ಮ ಕಡೆಯವರ ಹಾಗೇ, ಒಂದು ಮಾತಿಗೆ ಎರಡು ಮಾತು. ಊರ ಶಾಲೆಯ ಪ್ರೇಮಾವತಿ ಟೀಚರು ಬೆಲೆ ಇಳಿಸಲು ಏನೋ ತಮಾಷೆ ಮಾಡಿದರು. ಅವಳು ಅದಕ್ಕೆ ತಿರುಗೇಟು ಕೊಟ್ಟು ಎಲ್ಲರನ್ನೂ ನಗಿಸಿದಳು. ಯೂಡೊನ್.

ಹಿಂದೆ ಸರಿಯಲು ನೋಡಿದೆ. ಜನ ತಳ್ಳಿ ಅವಳ ಎದುರಿಗೇ ನಿಲ್ಲಿಸಿದರು. ಅವಳು ತಲೆ ಎತ್ತಿದಳು. ನನ್ನ ಗುರುತು ಸಿಕ್ಕಿತು. ನಾನು ಅವಳ ಮಾತಿನಲ್ಲಿ ಪಾಲಾ ಹೇಗಿದ್ದಾರೆ ಅಂತ ಕೇಳಿದೆ. ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು.

"ಅದಾರೆ. ಹಾಡಾಕಿಲ್ಲ."

ಏನೋ ಒಂದು ಕೇಳಬೇಕಲ್ಲ ಅಂತ ಕೇಳಿದೆ. "ಕನ್ನಡ ಇಷ್ಟ್ ಚೆನ್ನಾಗಿ ಯಾವಾಗ ಕಲ್ತೆ?"

ಸ್ವೆಟರ್ ಒಂದನ್ನು ಕೊಡವಿ ಮಡಚುತ್ತ ಹೇಳಿದಳು. "ಆ ಭಾನುವಾರದ ಮಾರನೇ ದಿನದಿಂದ. ನಮ್ಮ ಮಾತು ಇನ್ನು ನಾವೇ ಆಡ್ತೀವಿ. ನಿಮಗೇನು ಬೇಕು ಅಮ್ಮ? ಬೇಡ ಅಂದ್ರೆ ಜಾಗ ಬಿಡಿ, ಹಿಂದೆ ಜನ ಅದಾರೆ."

ನಾನು ಜಾಗ ಬಿಟ್ಟೆ.